ಆಟದ ಕೊನೆಗೆ ಬರುವ ಹೆಸರುಗಳು

ಬುತ್ತಿ ಮರೆತರೂ ಕೊಡೆ ಮರೆಯಬೇಡ ಎನ್ನುವುದು ಮಾಯ್ಜುರು ಊರಿನ ಮಾತು. ಆ ಕಡಲತೀರದಲ್ಲಿ ಚಳಿಗಾಲದ ಬಿಸಿಲು ಅವಸರದ ನೆಂಟನಿದ್ದ ಹಾಗೆ, ಕಾಲು ತೊಳೆಯಲು ನೀರು ತರುವಷ್ಟರಲ್ಲಿ ಹೊರಟು ನಿಂತಿರುತ್ತದೆ. ಅದಕ್ಕೇ ಹಿಂದಿನವರು ಪೇಟೆಬೀದಿಗೆ ಉದ್ದಕ್ಕೂ ಮಾಡು ಹಾಕಿಸಿದ್ದರು. ಮಾಡು ಉಳಿದಿದೆ, ಪೇಟೆ ಉಳಿದಿಲ್ಲ. ಹೆಚ್ಚಿನ ಅಂಗಡಿಗಳ ಕಬ್ಬಿಣದ ಬಾಗಿಲು ಇಳಿದದ್ದು ಇಳಿದೇ ಇದೆ. ತೆರೆದಿರುವುದು ಮೂರು. ಒಂದು ಉಮೆಗಾಕಿಯ ಕ್ಷೌರದಂಗಡಿ, ಇನ್ನೊಂದು ಊದುಬತ್ತಿ ಪೂಜಾಸಾಮಾನಿನದು, ಮೂರನೆಯದು ಇಸೋಬೆ ಮಸುಯೊಳ ಹಳೆಯ ವಿಡಿಯೋ ಗೇಮ್ ಅಂಗಡಿ.

ಮಸುಯೊಗೆ ಐವತ್ತನಾಲ್ಕು. ಮದುವೆಯಾದವಳಲ್ಲ. ತಾಯಿಯನ್ನು ನೋಡಿಕೊಳ್ಳಲು ಒಸಾಕಾ ನಗರದಿಂದ ಊರಿಗೆ ಬಂದವಳು ತಾಯಿ ತೀರಿದ ಮೇಲೂ ಇಲ್ಲೇ ಉಳಿದಳು. ಅಂಗಡಿ ಕೆಳಗೆ, ಮಲಗುವ ಕೋಣೆ ಮೇಲೆ. ಕೊಳ್ಳುವವರು ಬಂದರೆ ಬಂದರು, ಇಲ್ಲದಿದ್ದರೆ ಒಂದೊಂದೇ ಡಿಸ್ಕ್ ತೆಗೆದು ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತ ಕೂರುತ್ತಿದ್ದಳು.

ಅವಳ ಅಂಗಡಿಯ ಒಳಗೋಡೆಗೆ ಒಂದು ವಿಶೇಷವಾದ ಸಾಲು ಇತ್ತು. ಇಪ್ಪತ್ತೈದು ವರ್ಷದ ಹಿಂದೆ ಬಂದು, ಆಗಿನ ಕಾಲದ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳದೆ ಮಣ್ಣಾದ ಆಟಗಳ ಸಾಲು. ಹಿಮ ಬೀಳುವ ಬೆಟ್ಟದೂರಿನಲ್ಲಿ ಕಾಗದ ಹಂಚುವ ಅಂಚೆಯವನ ಆಟ ಒಂದು. ಸಾರ್ವಜನಿಕ ಸ್ನಾನದ ಮನೆಯ ಒಲೆಗೆ ಸೌದೆ ಒಟ್ಟುತ್ತ, ಬಂದವರ ಸುಖದುಃಖ ಕೇಳುವ ಆಟ ಇನ್ನೊಂದು. ಕುರುಡ ವಾದ್ಯಗಾರನೊಬ್ಬನದು ಪರದೆಯೆಲ್ಲ ಕತ್ತಲೆ, ಕಿವಿಯಿಂದಲೇ ದಾರಿ ಹಿಡಿಯಬೇಕು. ಪ್ರತಿಯೊಂದರ ಕೆಳಗೂ ಮಸುಯೊ ತನ್ನ ಕೈಬರಹದಲ್ಲಿ ಒಂದು ಚೀಟಿ ಅಂಟಿಸಿದ್ದಳು. ‘ಮೊದಲ ಒಂದು ಗಂಟೆ ತಡೆದುಕೊಳ್ಳಿ. ಆಮೇಲೆ ಬಿಡಲು ಮನಸ್ಸಾಗುವುದಿಲ್ಲ.’ ‘ಇದನ್ನು ಮಾಡಿದವರು ಆರೇ ಜನ. ಮಳೆಯ ಸದ್ದನ್ನು ಕೇಳಿ.’ ಉಮೆಗಾಕಿ ಆ ಸಾಲಿಗೆ ಅನಾಥಾಶ್ರಮ ಎಂದು ಹೆಸರಿಟ್ಟಿದ್ದ.

ಆ ಸಾಲಿನಲ್ಲಿ ಒಂದು ಆಟ ಮಾತ್ರ ಎಂದೂ ಕಾಣಿಸಿಕೊಂಡಿರಲಿಲ್ಲ. ಅದು ಇಲ್ಲದಿರುವುದು ಮಸುಯೊ ಒಬ್ಬಳಿಗೇ ಗೊತ್ತು.

ಶರತ್ಕಾಲದ ಪಿತೃಪೂಜೆಯ ವಾರ ಮುಗಿದ ಮೇಲೆ, ಒಂದು ಮಧ್ಯಾಹ್ನ, ಕೊಡೆಯ ನೀರನ್ನು ಹೊರಗೇ ಜಾಡಿಸಿ ಒಬ್ಬ ಮುದುಕ ಒಳಗೆ ಬಂದ. ಕೊರಳಿಗೆ ಟವೆಲು, ಕಾಲಿಗೆ ಮೀನಿನ ಬಂದರಿನವರು ಹಾಕುವ ರಬ್ಬರ್ ಬೂಟು. ಒಳಂಗಿಯಿಂದ ಒಂದು ಪೊಟ್ಟಣ ತೆಗೆದು, ಸುತ್ತಿದ ಬಟ್ಟೆ ಬಿಚ್ಚಿ, ಮೇಜಿನ ಮೇಲೆ ಎರಡೂ ಕೈಯಿಂದ ಇಟ್ಟ. ಮೇಲಿನ ಪಾರದರ್ಶಕ ಹೊದಿಕೆ ಕೂಡ ಹರಿಯದ ಡಿಸ್ಕಿನ ಡಬ್ಬಿ. ಅದರ ಮೇಲೆ ಬೂದು ಬಣ್ಣದ ಸಮುದ್ರ, ದಡದಲ್ಲಿ ಬೆನ್ನು ಹಾಕಿ ನಿಂತ ಒಬ್ಬ ಮನುಷ್ಯ. ‘ಶಿಯೊಮಿಚಿ.’ ಭರತ ಇಳಿತದ ದಾರಿ ಎಂದು ಅರ್ಥ.

ಮಸುಯೊಳ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಆ ಬೆನ್ನನ್ನು ಬರೆದವಳು ಅವಳೇ.

ಮುದುಕ ಕುರಾತಾನಿ ಗೆಂಜಿರೊ. ಊರಿನಲ್ಲಿ ಐವತ್ತು ವರ್ಷ ಕಾಮಾಬೊಕೊ ಮಾಡಿದವನು. ಅರೆದ ಮೀನನ್ನು ಮರದ ಹಲಗೆಯ ಮೇಲೆ ಗುಮ್ಮಟದ ಹಾಗೆ ಮೆತ್ತಿ ಹಬೆಯಲ್ಲಿ ಬೇಯಿಸುವ ಆ ಕೆಲಸದಲ್ಲಿ ಅವನ ಕೈಗೆ ಸಾಟಿಯಿರಲಿಲ್ಲವಂತೆ. ಈಗ ಎಂಬತ್ತೆರಡು. ಕಣ್ಣಿನ ನರ ಸೋಲುತ್ತ ಬಂದಿದೆ, ಮನುಷ್ಯರ ಆಕಾರ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಅವನು ತನ್ನ ಕಥೆಯನ್ನು ಹೇಳಿದ್ದು ಮೀನಿನ ಧಾರಣೆ ಹೇಳುವಷ್ಟೇ ನಿಧಾನವಾಗಿ. ಒಬ್ಬನೇ ಮಗ, ನೊರಿಯುಕಿ. ಒಸಾಕಾದಲ್ಲಿ ಆಟಗಳನ್ನು ಮಾಡುವ ಕಂಪನಿಯಲ್ಲಿದ್ದ. ಇಪ್ಪತ್ತೈದರ ವಯಸ್ಸಿನಲ್ಲಿ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಕಾರಿ ಮನೆಗೆ ಬಂದ. ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ. ಅಲ್ಲಿ ಇಲ್ಲಿ ಗೋದಾಮುಗಳಲ್ಲಿ ದುಡಿದು, ಹೋದ ಡಿಸೆಂಬರಿನಲ್ಲಿ ಬಾಡಿಗೆ ಕೋಣೆಯಲ್ಲಿ ಒಬ್ಬನೇ ತೀರಿಕೊಂಡ. ಐವತ್ತು ವರ್ಷ. ಅವನ ಸಾಮಾನಿನಲ್ಲಿ ಸಿಕ್ಕಿದ್ದು ಇದು.

"ಅವ್ನು ಹುಷಾರಿಲ್ಲದೆ ಮನೆಗೆ ಬಂದಾಗ ನಾನೊಂದು ಮಾತು ಅಂದಿದ್ದೆ ಅಂಗಡಿಯಮ್ಮ," ಎಂದ ಮುದುಕ. "ಮೂರು ವರ್ಷ ರಕ್ತ ಕಾರಿ ಏನು ಕಡಿದು ಕಟ್ಟೆ ಹಾಕಿದೆಯೋ ಅಂತ. ಅವ್ನು ಸಿಟ್ಟಾಗ್ಲಿಲ್ಲ. ಆಟದ ಕೊನೆಗೆ ಮಾಡಿದವರ ಹೆಸರು ಬರತ್ತಪ್ಪ, ಅದ್ರಲ್ಲಿ ನಂದೂ ಇರತ್ತೆ, ನೋಡು ಅಂದ. ಮಕ್ಕಳಾಟಿಕೆ ನೋಡಕ್ಕೆ ನಂಗೆ ಬಿಡುವಿಲ್ಲ ಅಂದೆ."

ಬರುವ ಡಿಸೆಂಬರ್ ಒಂಬತ್ತಕ್ಕೆ ಮೊದಲ ವರ್ಷದ ತಿಥಿ. ಅವತ್ತು ಮನೆಯ ಪೂಜಾಪೀಠದ ಮುಂದೆ ಕೂತು ನೋಡಿದೆ ಕಣಪ್ಪ ಅಂತ ಮಗನಿಗೆ ಹೇಳಬೇಕು. ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಪಕ್ಕದ ಮನೆಯವರ ಮೊಮ್ಮಗಳು ಫೋನಿನಲ್ಲಿ ಹುಡುಕಿಕೊಟ್ಟಿದ್ದಳಂತೆ. ಯಾರೋ ಒಬ್ಬರು ಈ ಆಟದ ಮೊದಲ ಎರಡು ಗಂಟೆ ಆಡಿ ವಿಡಿಯೋ ಹಾಕಿದ್ದಾರೆ, ಆಮೇಲೆ ಬೇಸರ ಬಂದು ಬಿಟ್ಟಿದ್ದಾರೆ. ಕೊನೆ ಎಲ್ಲೂ ಇಲ್ಲ.

ಆಟ ಆಡಿಸುವ ಆ ಕಾಲದ ಯಂತ್ರವೊಂದು ಮಸುಯೊಳ ಬಳಿ ಇತ್ತು, ಆದರೆ ಮುದುಕನ ಮನೆಯ ಹೊಸ ಟಿವಿಗೆ ಅದನ್ನು ಜೋಡಿಸುವ ತೂತೇ ಇರಲಿಲ್ಲ. ಇಲ್ಲೇ ಬಂದು ಆಡಿ ಎಂದು ಮಸುಯೊ ಹೇಳಿದಳು. ಹೇಳಿದ ಮೇಲೆ ತಾನು ಹೇಳಿದ್ದೇನು ಎಂದು ಅವಳಿಗೆ ತಿಳಿಯಿತು. ಆದರೆ ಮುದುಕ ಆಗಲೇ ಬಾಗಿ ಬಾಗಿ ವಂದಿಸುತ್ತಿದ್ದ.

ಆ ಆಟದ ಕೊನೆಗೆ ನೊರಿಯುಕಿಯ ಹೆಸರಿರಲಿಲ್ಲ. ಅದನ್ನು ತೆಗೆದವಳು ಮಸುಯೊ.

ಆ ಕಂಪನಿ ಇದ್ದದ್ದು ಒಂದು ನೂಡಲ್ ಹೋಟೆಲಿನ ಮಹಡಿಯ ಮೇಲೆ. ಹತ್ತೊಂಬತ್ತು ಜನ. ಮಸುಯೊ, ನೊರಿಯುಕಿ ಇಬ್ಬರೂ ಒಂದೇ ಊರಿನ ಕಡೆಯವರೆಂದು ಮುಖ್ಯಸ್ಥರು ಅವರ ಮೇಜುಗಳನ್ನು ಅಕ್ಕಪಕ್ಕ ಹಾಕಿಸಿದ್ದರು. ಅವಳದು ಚಿತ್ರ, ಅವನದು ಸಮುದ್ರ. ಅಲೆ ಹೇಗೆ ಬರಬೇಕು, ಮರಳು ಎಷ್ಟು ಹೊತ್ತು ಒದ್ದೆ ಇರಬೇಕು, ಹೆಜ್ಜೆ ಗುರುತು ಎಷ್ಟನೆಯ ಅಲೆಗೆ ಅಳಿಯಬೇಕು ಎಂದು ಎರಡು ವರ್ಷ ಏಳು ತಿಂಗಳು ಅವನು ಅದೊಂದನ್ನೇ ಮಾಡಿದ. ಕಡೆಯ ಅಕ್ಟೋಬರಿನಲ್ಲಿ ಒಂದು ಬೆಳಗ್ಗೆ ಮೆಟ್ಟಿಲ ಮೇಲೆ ಕುಸಿದ. ಅವನ ಉಳಿದ ಕೆಲಸವೆಲ್ಲ ಅವಳ ತಲೆಯ ಮೇಲೆ ಬಿತ್ತು. ಇಪ್ಪತ್ತಮೂರು ದಿನ ಅವಳು ಮೇಜಿನ ಕೆಳಗೆ ಕಾಗದದ ಹಾಳೆ ಹಾಸಿಕೊಂಡು ಮಲಗಿದಳು. ಆಸ್ಪತ್ರೆಗೆ ಹೋಗಿ ಅವನನ್ನು ನೋಡಿಕೊಂಡು ಬರಲು ಯಾರಿಗೂ ಬಿಡುವಾಗಲಿಲ್ಲ.

ಆ ಕಸುಬಿನಲ್ಲಿ ಎಲ್ಲೂ ಬರೆದಿಡದ ಒಂದು ರೂಢಿಯಿತ್ತು. ಆಟದ ಮೂಲಪ್ರತಿ ಡಿಸ್ಕ್ ಅಚ್ಚಾಗಲು ಕಾರ್ಖಾನೆಗೆ ಹೋಗುವ ದಿನ ಯಾರ ಕುರ್ಚಿ ತುಂಬಿದೆಯೋ ಅವರ ಹೆಸರು ಮಾತ್ರ ಆಟದ ಕೊನೆಗೆ ಬರುತ್ತದೆ. ನಡುವೆ ಬಿಟ್ಟವರದು ಇಲ್ಲ, ಎಷ್ಟೇ ದುಡಿದಿರಲಿ. ದೋಣಿ ದಡ ಮುಟ್ಟುವಾಗ ಹುಟ್ಟು ಹಿಡಿದವನೇ ಅಂಬಿಗ ಎಂದು ಹಿರಿಯರು ಹೇಳುತ್ತಿದ್ದರು. ಹೆಸರಿನ ಪಟ್ಟಿ ಮಾಡುವ ಕೆಲಸ ಮಸುಯೊಗೆ ಬಂದಿತ್ತು. ಕುರಾತಾನಿ ನೊರಿಯುಕಿ ಎಂಬಲ್ಲಿಗೆ ಬಂದಾಗ ಅವಳು ರೂಢಿಯನ್ನು ನೆನೆದಳೋ, ಬೆನ್ನಿನ ನೋವನ್ನು ನೆನೆದಳೋ, ಆ ದೇವರಿಗೇ ಗೊತ್ತು. ಅಳಿಸಿದಳು. ಮುಖ್ಯಸ್ಥರು ಪಟ್ಟಿಯನ್ನು ನೋಡಿ ತಲೆಯಾಡಿಸಿದರು, ಏನೂ ಕೇಳಲಿಲ್ಲ. ಮರುದಿನ ಸಂಜೆಯವರೆಗೆ ಸಮಯವಿತ್ತು. ಒಮ್ಮೆ ಕೈ ಕೀಲಿಗಳ ಮೇಲೆ ಹೋದದ್ದೂ ಉಂಟು. ಇವನದನ್ನು ಸೇರಿಸಿದರೆ ವಸಂತದಲ್ಲಿ ಬಿಟ್ಟುಹೋದ ಇಬ್ಬರದನ್ನೂ ಸೇರಿಸಬೇಕಾಗುತ್ತದೆ ಎಂದುಕೊಂಡು ಕೈ ತೆಗೆದಳು.

ಆಟ ಸೋತಿತು. ನಾಲ್ಕು ಸಾವಿರ ಪ್ರತಿ ಹೋದರೆ ಹೆಚ್ಚು. ಆ ಹೊಸ ವರ್ಷಕ್ಕೆ ಮಸುಯೊಗೆ ಮಾಯ್ಜುರುವಿನಿಂದ ಒಂದು ಶುಭಾಶಯದ ಕಾರ್ಡು ಬಂತು. ‘ಅಂಗಡಿಗೆ ಹೋಗಿ ಒಂದು ಪ್ರತಿ ತಂದೆ. ಬಿಚ್ಚಿಲ್ಲ. ಅಪ್ಪನ ಜೊತೆ ಕೂತು ನೋಡಬೇಕೆಂದು ಇಟ್ಟಿದ್ದೇನೆ. ನನ್ನ ಕೆಲಸ ನಿಮ್ಮ ಮೇಲೆ ಬಿತ್ತು, ಕ್ಷಮಿಸಿ.’ ಅವಳು ಉತ್ತರ ಬರೆಯಲಿಲ್ಲ.

ಹೀಗೆ ಮಂಗಳವಾರ ಮತ್ತು ಶುಕ್ರವಾರ, ಮಧ್ಯಾಹ್ನದ ಊಟ ಮುಗಿಸಿ ಮುದುಕ ಬರತೊಡಗಿದ. ಬರುವಾಗ ಒಂದು ಹಲಗೆ ಕಾಮಾಬೊಕೊ ತರುವುದು, ಇದನ್ನು ಮಾಡಿದವನ ಕೈ ಮುರಿಯ, ಉಪ್ಪು ಕಟ್ಟಿದ ಹಾಗಿದೆ ಎಂದು ಬೈದು ಅವಳಿಗೆ ಕೊಡುವುದು. ಅವನು ಕಂಟ್ರೋಲರ್ ಹಿಡಿದರೆ ಅವಳು ಪಕ್ಕದ ಸ್ಟೂಲಿನ ಮೇಲೆ ಕೂತು ಪರದೆಯ ಅಕ್ಷರಗಳನ್ನು ಓದಿ ಹೇಳಬೇಕು. ಅದು ಅವರ ನಡುವಿನ ಏರ್ಪಾಡು.

ಆಟವೂ ಅಂಥದ್ದೇ, ಅವಸರವಿಲ್ಲದ್ದು. ಏಳು ದ್ವೀಪ. ಸಮುದ್ರ ಇಳಿದಾಗ ದಡಕ್ಕೆ ನಡೆದು ಹೋಗಬೇಕು, ನೀರು ತಂದು ಹಾಕಿದ್ದನ್ನು ಹೆಕ್ಕಬೇಕು. ಒಂದು ಬಟ್ಟಲು, ಒಂಟಿ ಚಪ್ಪಲಿ, ಹೆಸರು ಕೆತ್ತಿದ ಕೊಳಲು. ಅದು ಯಾರದೆಂದು ಊರವರನ್ನು ವಿಚಾರಿಸಿ ಅವರ ಮನೆಗೆ ಮುಟ್ಟಿಸಬೇಕು. ಮುಟ್ಟಿಸಿದರೆ ಮನೆಯವರು ತಮ್ಮ ಕಥೆ ಹೇಳುತ್ತಾರೆ. ತಪ್ಪು ಮನೆಗೆ ಕೊಟ್ಟರೆ ಆ ವಸ್ತುವನ್ನು ಸಮುದ್ರ ಮರಳಿ ಒಯ್ಯುತ್ತದೆ, ಮತ್ತೆ ದಡಕ್ಕೆ ಬರಬೇಕಾದರೆ ಎಂಟು ಭರತ ಬಂದು ಇಳಿಯುವವರೆಗೆ ಕಾಯಬೇಕು. ಹೊಡೆಯುವುದಿಲ್ಲ, ಓಡುವುದಿಲ್ಲ, ಗೆಲ್ಲುವುದೂ ಇಲ್ಲ. ಆ ಕಾಲದ ಹುಡುಗರಿಗೆ ಇದು ಹೇಗೆ ಹಿಡಿಸೀತು?

ಮುದುಕನಿಗೆ ಹಿಡಿಸಿತು. ಪರದೆಯಲ್ಲಿ ಯಾರಾದರೂ ಎದುರಾದರೆ ಅವನು ಕೂತಲ್ಲೇ ತಲೆ ಬಾಗಿಸುತ್ತಿದ್ದ. ಸಮುದ್ರದ ಬಗ್ಗೆ ಮಾತ್ರ ಅವನದು ತಕರಾರು. ನಮ್ಮ ಕಡೆಯ ಕಡಲು ಇಷ್ಟು ದೂರ ಇಳಿಯುವುದೇ ಇಲ್ಲ, ಮೊಣಕಾಲಿನಷ್ಟು ಇಳಿದರೆ ಹೆಚ್ಚು, ನನ್ನ ಮಗ ಒಸಾಕಾದವರ ಕಡಲು ನೋಡಿ ಮಾಡಿದ್ದಾನೆ ಎನ್ನುತ್ತಿದ್ದ.

ಉಮೆಗಾಕಿ ಗಿರಾಕಿ ಇಲ್ಲದಾಗ ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದ.

"ಏನ್ ಯಜಮಾನ್ರೇ, ಎಂಬತ್ತೆರಡಕ್ಕೆ ಅಕ್ಷರಾಭ್ಯಾಸವಾ?"

"ಅಕ್ಷರ ಎಲ್ಲ ಅಂಗಡಿಯಮ್ಮಂದು. ನಂದು ಬರೀ ನಡೆಯೋದು," ಎಂದು ಪರದೆಯಿಂದ ಕಣ್ಣು ತೆಗೆಯದೆ ಮುದುಕ ಹೇಳುತ್ತಿದ್ದ. "ನೀನು ಹೋಗಿ ಕತ್ತರಿ ಮಸೆ. ಹೋದ ಸಲ ಕೂದಲು ಕತ್ತರಿಸಿದ್ಯೋ ಕಿತ್ತಿದ್ಯೋ ಗೊತ್ತಾಗ್ಲಿಲ್ಲ."

"ಇದ್ದದ್ದೇ ಹನ್ನೆರಡು ಕೂದಲು. ಎಣಿಸಿ ಕಿತ್ತೆ."

ಮೂರನೆಯ ದ್ವೀಪದಲ್ಲಿ ಕಾಮಾಬೊಕೊ ಮಾಡುವವನೊಬ್ಬ ಬರುತ್ತಾನೆ. ಹಲಗೆಯ ಮೇಲೆ ಮೀನಿನ ಹಿಟ್ಟು ಮೆತ್ತುವ ಅವನ ಕೈ ಮಾತ್ರ ಪರದೆ ತುಂಬ ದೊಡ್ಡದಾಗಿ ಕಾಣುತ್ತದೆ. ಮುದುಕ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದ. ಬಹಳ ಹೊತ್ತು ನೋಡಿದ. ಆಮೇಲೆ ಬೆರಳಿನಿಂದ ಪರದೆ ಮುಟ್ಟಿ ತೋರಿಸಿದ.

"ಚಾಕು ಹಿಡಿದಿರೋದು ನೋಡಿ. ಬೆರಳೆಲ್ಲ ಮೇಲಿದೆ. ಹೀಗೆ ಹಿಡಿದ್ರೆ ಹಿಟ್ಟು ಒಂದು ಕಡೆ ಜಾರತ್ತೆ. ಹದಿನೆಂಟು ವರ್ಷ ನನ್ನ ಮನೇಲಿದ್ದ. ಒಂದು ದಿನಾನೂ ನನ್ನ ಕೈ ನೋಡ್ಲಿಲ್ಲ ಇವ್ನು."

ಆ ಕೈಯನ್ನು ಬರೆದವಳು ಮಸುಯೊ. ನೊರಿಯುಕಿ ಅವಳ ಮೇಜಿನ ಪಕ್ಕ ನಿಂತು, ಹೀಗಲ್ಲ, ಅಪ್ಪ ಹೆಬ್ಬೆರಳನ್ನು ಕೆಳಗಿಡುತ್ತಾನೆ, ಚಾಕು ಅವನ ಕೈಯಲ್ಲಿ ಇರುವುದೇ ಗೊತ್ತಾಗುವುದಿಲ್ಲ ಎಂದು ನಾಲ್ಕು ಸಲ ತಿದ್ದಿಸಿದ್ದ. ಐದನೆಯ ಸಲ ಅವಳು ರೇಗಿ, ನನಗೆ ಬರುವುದು ಇಷ್ಟೇ ಎಂದಿದ್ದಳು. ಈಗ ಅದನ್ನು ಹೇಳಿದರೆ ಮುದುಕನ ಎದೆಯ ಒಂದು ಮುಳ್ಳು ಕೀಳುತ್ತದೆ. ಹೇಳಬೇಕಾದರೆ ತಾನು ಯಾರೆಂದು ಹೇಳಬೇಕು. ಮಸುಯೊ ಚಹಾ ಸೋಸಲು ಒಳಗೆ ಹೋದಳು.

ನಾಲ್ಕನೆಯ ದ್ವೀಪದ ದಾರಿಯಂಚಿನಲ್ಲಿ ಒಂದು ಜಿಝೊ ವಿಗ್ರಹವಿದೆ. ತೀರಿಹೋದ ಮಕ್ಕಳನ್ನು ಕಾಯುವ ದೇವರು, ಕೊರಳಿಗೆ ಕೆಂಪು ಬಟ್ಟೆ. ಅದು ಅಲ್ಲಿರುವುದು ಬರೀ ಅಲಂಕಾರಕ್ಕೆ ಎಂದೇ ಮಸುಯೊ ತಿಳಿದಿದ್ದಳು. ಮುದುಕ ಅದರ ಮುಂದೆ ಆಟದ ಮನುಷ್ಯನನ್ನು ನಿಲ್ಲಿಸಿ, ಕಂಟ್ರೋಲರನ್ನು ತೊಡೆಯ ಮೇಲಿಟ್ಟು, ತಾನು ಕೈ ಮುಗಿದು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತು ಕಳೆಯಿತು. ಅಷ್ಟರಲ್ಲಿ ಅಂಗಡಿ ಯಾಕೋ ಖಾಲಿಯಾದಂತೆ ಮಸುಯೊಗೆ ಅನ್ನಿಸಿತು. ನೋಡಿದರೆ ಆಟದ ಸಮುದ್ರ ಸದ್ದು ನಿಲ್ಲಿಸಿತ್ತು. ಅಲೆಗಳು ದಡದ ಹತ್ತಿರ ಬಂದು, ಒಡೆಯದೆ, ತಡೆದು ನಿಂತಿದ್ದವು. ಮುದುಕ ಕಣ್ಣು ತೆರೆದು ಗುಂಡಿಯನ್ನು ಮುಟ್ಟಿದ ಕೂಡಲೇ ಮತ್ತೆ ಒಡೆದವು.

ಮೂಲಪ್ರತಿ ಹೋಗುವ ಮೊದಲು ಅವಳು ಆ ದಾರಿಯಲ್ಲಿ ಇನ್ನೂರು ಸಲವಾದರೂ ನಡೆದು ಪರೀಕ್ಷಿಸಿದ್ದಳು. ಒಮ್ಮೆಯೂ ನಿಂತಿರಲಿಲ್ಲ. ನಿಂತು ಕೈ ಮುಗಿಯುವವನಿಗಾಗಿ ಕಡಲನ್ನೇ ಸುಮ್ಮನಿರಿಸುವ ಯೋಚನೆ ಮಾಡಿ, ಅದನ್ನು ಮಾಡಿ ಮುಗಿಸಿ, ಯಾರಿಗೂ ಹೇಳದೆ ಬಿಟ್ಟಿದ್ದ ನೊರಿಯುಕಿ. ಭಕ್ತಿಯೆಂಬುದು ಕೆಲವರಲ್ಲಿ ಹೀಗೆ ಬಾವಿಯ ತಳದ ನೀರಿನಂತೆ ಇರುತ್ತದೆ. ಹಗ್ಗ ಇಳಿಸಿದವರಿಗಷ್ಟೇ ಗೊತ್ತು. ಮಸುಯೊ ಆ ಸಂಜೆ ಬೇಗನೆ ಬಾಗಿಲು ಹಾಕಿದಳು.

ನವೆಂಬರ್ ಬಂತು. ಆರನೆಯ ದ್ವೀಪ ಮುಟ್ಟಿದ್ದರು. ಮಸುಯೊ ಕ್ಯಾಲೆಂಡರ್ ನೋಡುವಾಗಲೆಲ್ಲ ತಿಥಿಗೆ ಉಳಿದ ದಿನ ಎಣಿಸುತ್ತಿದ್ದಳು. ಕೊನೆಗೆ ಬರುವ ಹೆಸರುಗಳಲ್ಲಿ ಅವನ ಹೆಸರಿಲ್ಲ ಎಂಬುದಷ್ಟೇ ಅಲ್ಲ, ಅವಳ ಹೆಸರಿದೆ. ಅಂಗಡಿಯ ಬೋರ್ಡಿನ ಮೇಲಿರುವ ಅದೇ ಹೆಸರು. ತಿಥಿ ದಾಟುವವರೆಗೆ ಮುಂದೆ ಹೋಗದಿದ್ದರೆ ಸಾಕು ಎಂಬ ಯೋಚನೆ ಒಂದು ದಿನ ಬಂತು, ಬಂದದ್ದು ಮನೆಯ ಬೆಕ್ಕಿನಂತೆ ಒಲೆಯ ಪಕ್ಕದಲ್ಲೇ ಮಲಗಿತು.

ಆರನೆಯ ದ್ವೀಪದಲ್ಲಿ ಒಂದು ಬಾಚಣಿಗೆ ಸಿಗುತ್ತದೆ. ಅದು ಯಾರದೆಂದು ಬಾವಿಕಟ್ಟೆಯ ಮುದುಕಿಯನ್ನು ಕೇಳಿದರೆ, ‘ದೋಣಿಯವನ ತಂಗಿಯದು’ ಎಂದು ಪರದೆಯ ಮೇಲೆ ಬರುತ್ತದೆ.

"ಏನಂತೆ ಅಂಗಡಿಯಮ್ಮ?"

"ಛತ್ರದವನ ತಂಗೀದು ಅಂತಿದಾಳೆ," ಎಂದು ಮಸುಯೊ ಓದಿದಳು.

ಮುದುಕ ಛತ್ರದ ಮನೆಗೆ ನಡೆದು ಕೊಟ್ಟ. ಬಾಚಣಿಗೆಯನ್ನು ಸಮುದ್ರ ಒಯ್ಯಿತು. ಎಂಟು ಭರತ ಎಂದರೆ ಅವನ ಲೆಕ್ಕದಲ್ಲಿ ಎರಡು ಮಧ್ಯಾಹ್ನ. ಮತ್ತೆ ಸಿಕ್ಕಿತು, ಮತ್ತೆ ಬಾವಿಕಟ್ಟೆಗೆ ಹೋದ. ಈ ಸಲ ಮಸುಯೊ ಸೌದೆ ಮಾರುವವನ ತಂಗಿ ಎಂದು ಓದಿದಳು. ನನ್ನ ಬುದ್ಧಿಯೇ ಮಂದ, ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ ಎಂದು ಅವನು ತನ್ನ ತಲೆಗೆ ತಾನೇ ಮೊಟಕಿಕೊಂಡ. ಹೀಗೆ ಮೂರು ವಾರ ಹೋಯಿತು. ಅಷ್ಟರಲ್ಲಿ ಅವನ ಕಣ್ಣು ಇನ್ನೂ ಮಂಜಾಯಿತು. ಇದು ಸಮುದ್ರವಾ, ಆಕಾಶವಾ ಎಂದು ಕೇಳುವ ಹಾಗಾಯಿತು. ಒಂದು ಶುಕ್ರವಾರ ಮುದುಕ ಬಾಗಿಲಿನ ಮೆಟ್ಟಿಲು ಕಾಣದೆ ಎಡವಿ ಮೊಣಕೈ ತರಚಿಕೊಂಡ. ಗಾಯಕ್ಕೆ ಪಟ್ಟಿ ಹಾಕುವಾಗ, ಇವತ್ತಾದರೂ ಆ ಬಾಚಣಿಗೆ ಮುಟ್ಟಬೇಕಾದವರಿಗೆ ಮುಟ್ಟಲಿ ಎಂದ. ಆ ದಿನ ಮಸುಯೊ ಇದ್ದದ್ದನ್ನು ಇದ್ದ ಹಾಗೆ ಓದಿದಳು.

ಡಿಸೆಂಬರ್ ಎಂಟು. ಬೆಳಗಿನಿಂದ ಗುಡುಗು. ಚಳಿಗಾಲದ ಈ ಗುಡುಗಿಗೆ ಬುರಿ ಮೀನುಗಳು ಎದ್ದು ದಡದ ಕಡೆ ಬರುತ್ತವೆ ಎಂದು ಬಂದರಿನವರಿಗೆ ಸಂತೋಷ. ಮುದುಕ ಅಂದು ಕಪ್ಪು ಕೋಟು ಹಾಕಿಕೊಂಡು ಬಂದಿದ್ದ. ಏಳನೆಯ ದ್ವೀಪದಲ್ಲಿ ಹೆಚ್ಚು ಕೆಲಸವಿಲ್ಲ. ಉಳಿದ ಒಂದು ವಸ್ತು ಆಟದ ಮನುಷ್ಯನದೇ. ಅದನ್ನು ಅವನು ದೋಣಿಯಲ್ಲಿಟ್ಟು ಹೊರಡುತ್ತಾನೆ, ಸಮುದ್ರ ಅಗಲವಾಗುತ್ತದೆ.

"ಈಗ ಬರತ್ತಾ?"

"ಈಗ ಬರತ್ತೆ."

ಮುದುಕ ಕುರ್ಚಿಯಿಂದ ಇಳಿದು, ನೆಲದ ಮೇಲೆ ಮೊಣಕಾಲು ಮಡಚಿ ನೇರವಾಗಿ ಕೂತ, ದೊಡ್ಡವರ ಮುಂದೆ ಕೂತ ಹಾಗೆ. ಕೈಗಳನ್ನು ತೊಡೆಯ ಮೇಲಿಟ್ಟ. ನನಗೆ ಬಿಳಿಯ ಗೆರೆಯಷ್ಟೇ ಕಾಣುತ್ತಿದೆ, ಒಂದನ್ನೂ ಬಿಡದೆ ಓದಿ ಎಂದ.

ಒಂದೊಂದು ಹೆಸರನ್ನೂ ಒಂದೊಂದು ಅಲೆ ದಡಕ್ಕೆ ತರುತ್ತದೆ, ಮರಳಿನ ಮೇಲೆ ಸ್ವಲ್ಪ ಹೊತ್ತು ಬಿಡುತ್ತದೆ, ಇನ್ನೊಂದು ಅಲೆ ಒಯ್ಯುತ್ತದೆ. ಮಸುಯೊ ಓದತೊಡಗಿದಳು. ಪ್ರತಿ ಹೆಸರಿಗೂ ಮುದುಕ ತಲೆ ಬಾಗಿಸಿದ, ಮಗನ ಜೊತೆ ದುಡಿದವರು ಎದುರಿಗೇ ಬಂದು ನಿಂತಿದ್ದಾರೆ ಎಂಬಂತೆ. ಓದುತ್ತ ಓದುತ್ತ ಅವಳಿಗೆ ಒಂದು ದಾರಿ ಹೊಳೆಯಿತು. ಇವನಿಗೆ ಅಕ್ಷರ ಕಾಣುವುದಿಲ್ಲ. ಎಲ್ಲಾದರೂ ಒಂದು ಕಡೆ ಕುರಾತಾನಿ ನೊರಿಯುಕಿ ಎಂದು ಅಂದುಬಿಟ್ಟರೆ ಮುಗಿಯಿತು. ತನ್ನ ಹೆಸರನ್ನು ನುಂಗಿಕೊಂಡರೆ ಅದೂ ಮುಗಿಯಿತು. ನಾಳೆ ಅವನು ಪೀಠದ ಮುಂದೆ ಕೂತು ನೋಡಿದೆ ಕಣಪ್ಪ ಎನ್ನುತ್ತಾನೆ, ನೆಮ್ಮದಿಯಾಗಿ ಸಾಯುತ್ತಾನೆ. ಯಾರಿಗೆ ನಷ್ಟ? ಆದರೆ ಆ ಮಾತು ಹೋಗಿ ಮುಟ್ಟುವುದು ಸತ್ತವನಿಗೆ. ಈ ಮುದುಕನ ಬಾಯಿಂದ, ಊದುಬತ್ತಿ ಹಚ್ಚಿಸಿ, ಬುದ್ಧನ ಎದುರಿಗೆ, ಮಗನಿಗೇ ಸುಳ್ಳು ಹೇಳಿಸಿದ ಹಾಗಾಗುತ್ತದೆ. ಅವಳು ನೂರು ಸುಳ್ಳಿಗೆ ಸಿದ್ಧಳಾಗಿದ್ದಳು, ಅದೊಂದಕ್ಕೆ ನಾಲಿಗೆ ಏಳಲಿಲ್ಲ.

"ಚಿತ್ರ, ಇಸೋಬೆ ಮಸುಯೊ," ಎಂದು ಓದಿದಳು.

ಮುದುಕನ ತಲೆ ಅರ್ಧ ಬಾಗಿ ನಿಂತಿತು. "ನಿಮ್ಮ ಹೆಸರಿನವರೇ ಇನ್ನೊಬ್ರಾ?"

"ಅಲ್ಲ ಯಜಮಾನ್ರೇ. ಅದು ನಾನೇ."

ಅವನು ಅವಳ ಕಡೆ ಮುಖ ತಿರುಗಿಸಿದ. ಆಮೇಲೆ ಗಾಬರಿಯಿಂದ ಮತ್ತೆ ಪರದೆಯ ಕಡೆ ತಿರುಗಿದ.

"ಆಮೇಲೆ ಕೇಳ್ತೀನಿ. ನಿಲ್ಲಿಸಬೇಡಿ, ಓದಿ. ಅವ್ನದು ತಪ್ಪಿಹೋದೀತು."

ಇನ್ನೂ ಏಳು ಹೆಸರು ಉಳಿದಿದ್ದವು. ಮಸುಯೊ ಏಳನ್ನೂ ಓದಿದಳು. ಕೊನೆಯ ಅಲೆ ಹಿಂದೆ ಹೋಯಿತು, ಬೂದು ಮರಳು ಉಳಿಯಿತು.

"ಮುಂದೆ?"

"ಮುಗೀತು."

ಮುದುಕ ಕಾದ. ಬೇಕಾದರೆ ಇನ್ನೂ ಎಂಟು ಭರತ ಕಾಯುವವನಂತೆ ಕೂತಿದ್ದ. ಆಗ ಮಸುಯೊ ಸ್ಟೂಲಿನಿಂದ ಇಳಿದು ಅವನೆದುರು ನೆಲದ ಮೇಲೆ ಕೂತು, ಹಣೆಯನ್ನು ನೆಲಕ್ಕೆ ಮುಟ್ಟಿಸಿ, ಎಲ್ಲವನ್ನೂ ಹೇಳಿದಳು. ಪಕ್ಕದ ಮೇಜು, ಆಸ್ಪತ್ರೆ, ರೂಢಿ, ಪಟ್ಟಿ, ಮರುದಿನದ ಸಂಜೆ, ಹೊಸ ವರ್ಷದ ಕಾರ್ಡು. ಚಾಕು ಹಿಡಿದ ಕೈ ಕೆಟ್ಟದ್ದು ತನ್ನಿಂದ, ಅವನಿಂದಲ್ಲ ಎಂಬುದನ್ನೂ ಹೇಳಿದಳು. ಬಾಚಣಿಗೆಯ ವಿಷಯವನ್ನೂ ಬಿಡಲಿಲ್ಲ.

ಹೊರಗೆ ಮಾಡಿನ ಮೇಲೆ ಆಲಿಕಲ್ಲು ಬೀಳತೊಡಗಿತು. ಅದು ನಿಂತ ಮೇಲೆ ಮುದುಕ ಬಾಯಿ ತೆರೆದ.

"ಬಾಚಣಿಗೆ ವಿಷ್ಯದಲ್ಲಿ ಏನೋ ಇದೆ ಅಂತ ನಂಗೆ ಅನ್ನಿಸಿತ್ತು," ಎಂದ ಕಡೆಗೆ. "ಒಬ್ಬಳೇ ಇರ್ತೀರಿ. ಜೊತೆಗೊಬ್ರು ಇರ್ಲಿ ಅಂತ ಎಳೀತಿದ್ದೀರಿ ಅಂದ್ಕೊಂಡೆ. ಅದಕ್ಕೇ ಸುಮ್ಮನಿದ್ದೆ."

ಮಸುಯೊ ತಲೆ ಎತ್ತಲಿಲ್ಲ.

"ಎಷ್ಟು ದಿನ ಇರ್ಲಿಲ್ಲ ಅವ್ನು, ಕೊನೇಲಿ?"

"ಇಪ್ಪತ್ತಮೂರು ದಿನ."

"ಇದ್ದದ್ದು?"

"ಎರಡು ವರ್ಷ ಏಳು ತಿಂಗಳು."

ಮುದುಕ ನೆಲಕ್ಕೆ ಕೈಯೂರಿ ಎದ್ದ, ಕೊಡೆಗಾಗಿ ಗೋಡೆಯನ್ನು ತಡವಿದ. ಅವಳು ಎತ್ತಿಕೊಡಲು ಹೋದಾಗ ಬೇಡವೆಂದು ಕೈ ಅಡ್ಡ ಹಿಡಿದ. ಬಾಗಿಲಿನಲ್ಲಿ ನಿಂತು ಬೀದಿಯ ಕಡೆಗೇ ಮುಖ ಮಾಡಿ ಹೇಳಿದ.

"ನಾಳೆ ಅವ್ನಿಗೆ ಹೇಳಕ್ಕೆ ನನ್ನ ಹತ್ರ ಏನೂ ಇಲ್ಲ. ಹೇಳಬೇಕಾದ್ದು ಇರೋದು ನಿಮ್ಮ ಹತ್ರ. ಹನ್ನೊಂದಕ್ಕೆ ಗುರುಗಳು ಬರ್ತಾರೆ. ಬನ್ನಿ."

ಮರುದಿನ ಮಸುಯೊ ಕಪ್ಪುಡುಗೆ ತೊಟ್ಟು ಹೋದಳು. ಬಂದರಿನ ಹಿಂದಿನ ಓಣಿಯಲ್ಲಿ ಮನೆ. ಮುದುಕ, ಅವನ ಅಣ್ಣನ ಮಗಳು, ಸೂತ್ರ ಓದುವ ಗುರುಗಳು, ಇಷ್ಟೇ ಜನ. ಯಾರೂ ಅವಳನ್ನು ಏನೂ ಕೇಳಲಿಲ್ಲ. ಸೂತ್ರ ಮುಗಿದು, ಚಹಾ ಕುಡಿದು, ಗುರುಗಳನ್ನು ಬೀಳ್ಕೊಡಲು ಅಣ್ಣನ ಮಗಳು ಬೀದಿಯವರೆಗೆ ಹೋದಾಗ ಮುದುಕ ಒಂದು ದಿಂಬನ್ನು ಪೂಜಾಪೀಠದ ಎದುರಿಗೆ ಸರಿಸಿದ.

"ನೊರಿ, ಇವರಿಗೆ ನಿನ್ನ ಹತ್ರ ಮಾತಾಡೋದಿದೆಯಂತೆ," ಎಂದು ಹೇಳಿ, ಹೊರಗೆ ಹೋಗಿ ಜಾರುಬಾಗಿಲು ಎಳೆದ.

ಮಸುಯೊ ದಿಂಬಿನ ಮೇಲೆ ಕೂರಲಿಲ್ಲ, ಪಕ್ಕದ ನೆಲದ ಮೇಲೆ ಕೂತಳು. ಪಟದಲ್ಲಿದ್ದವನು ದಪ್ಪ ಕೆನ್ನೆಯ, ನರೆತ ತಲೆಯ, ಆಯಾಸಗೊಂಡ ಗಂಡಸು. ಪಕ್ಕದ ಮೇಜಿನ ಹುಡುಗನನ್ನು ಅವಳು ಆ ಮುಖದಲ್ಲಿ ಹುಡುಕಿದಳು, ಸಿಗಲಿಲ್ಲ. ಪಟದ ಪಕ್ಕ, ಸತ್ತವರ ನೆನಪಿಗಿಡುವ ಕಪ್ಪು ಮರದ ಫಲಕದ ಮೇಲೆ ಚಿನ್ನದ ಅಕ್ಷರದಲ್ಲಿದ್ದದ್ದು ಸತ್ತ ಮೇಲೆ ಗುರುಗಳು ಕೊಡುವ ಹೆಸರು. ಅವಳು ಅಳಿಸಿದ ಹೆಸರು ಇರುವುದು ಅದರ ಬೆನ್ನಿಗೆ. ತಿರುಗಿಸಿ ನೋಡುವ ಧೈರ್ಯ ಬರಲಿಲ್ಲ.

ಊದುಬತ್ತಿ ಹಚ್ಚಿದಳು, ಗಂಟೆಯನ್ನು ಒಮ್ಮೆ ಮುಟ್ಟಿದಳು. ಆ ಸದ್ದು ಪೂರ್ತಿ ಆರಿತು. ಬೂದಿ ಅರ್ಧ ಬಾಗಿ, ತಾನಾಗಿ ಮುರಿದು ಬಿತ್ತು.

"ಕುರಾತಾನಿ, ನಾನು ಇಸೋಬೆ," ಎಂದಳು.

ಬಾಗಿಲಿನ ಆಚೆ ನೆಲದ ಹಲಗೆ ಕಿರುಗುಟ್ಟಿತು. ಮುದುಕ ದೂರ ಹೋಗಿರಲಿಲ್ಲ, ಅಲ್ಲೇ ನಿಂತಿದ್ದ. ಅವಳು ಇಪ್ಪತ್ತಾರು ವರ್ಷದ ಹಿಂದಿನ ಅಕ್ಟೋಬರಿನ ಆ ಬೆಳಗಿನಿಂದ ಹಿಡಿದು ಹೇಳತೊಡಗಿದಳು. ದನಿ ತಗ್ಗಿಸಲಿಲ್ಲ.